ಸತ್ತವರಿಗೆ ಕೆಲಸ ಕೊಡುವ ಕವಿತೆ: ಸ್ಪೇನ್ ಅಂತರ್ಯುದ್ಧದ ಪದ್ಯಗಳನ್ನು ಹೀಗೆ ಓದಿ

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಮಿಗೆಲ್ ಎರ್ನಾಂಡೆಜ್ ಎಂಬ ಸ್ಪ್ಯಾನಿಷ್ ಕವಿಯ ಒಂದು ಪದ್ಯ ಓದಿದೆ. ಅದರಲ್ಲಿ ರೊಸಾರಿಯೊ ಅಂತ ಒಬ್ಬ ಹುಡುಗಿ ಬರುತ್ತಾಳೆ. ಡೈನಮೈಟ್ ಎಸೆಯುವವಳು. ಬಲಗೈ ಕಳೆದುಕೊಂಡಿದ್ದಾಳೆ. ಶತ್ರುವಿನ ಮೇಲೆ ಬಾಂಬ್ ಎಸೆಯುವಾಗಲೇ ಕೈ ಹೋಯಿತು ಅಂದುಕೊಂಡೆ. ನಾಲ್ಕು ಜನರ ಮುಂದೆ ಹಾಗೇ ಹೇಳಿದೆ ಕೂಡ. ಆಮೇಲೆ ಗೊತ್ತಾಯಿತು, ಕೈ ಹೋದದ್ದು ಕಾಳಗದಲ್ಲಿ ಅಲ್ಲ, ತರಬೇತಿಯಲ್ಲಿ. ಹಾಗಾದರೆ ಕವಿ ಸುಳ್ಳು ಹೇಳಿದನಾ ಅಂತ ಮತ್ತೆ ಓದಿದೆ. ಕಾಳಗದಲ್ಲಿ ಹೋಯಿತು ಅಂತ ಪದ್ಯ ಎಲ್ಲೂ ಹೇಳಿರಲಿಲ್ಲ. ಆ ಭಾಗವನ್ನು ನಾನೇ ತುಂಬಿಕೊಂಡಿದ್ದೆ. ಹಾಗೆ ತುಂಬಿಕೊಳ್ಳಲಿ ಅಂತಲೇ ಪದ್ಯವನ್ನು ಕಟ್ಟಿದ್ದರು.

ಅವತ್ತಿನಿಂದ ಇಂಥ ಪದ್ಯಗಳನ್ನು ಓದುವಾಗ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. 'ಇದು ಪ್ರಚಾರ, ಇದು ಸ್ಮಾರಕ' ಅಂತ ಎರಡು ರಾಶಿ ಮಾಡಲು ಹೋಗಬೇಡಿ. ಆಗುವುದಿಲ್ಲ. ಒಂದೇ ಪದ್ಯ ಎರಡೂ ಆಗಿರುತ್ತದೆ. ಅದರ ಬದಲು ಪ್ರತಿ ಪದ್ಯಕ್ಕೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಸತ್ತವರಿಗೆ ಏನು ಕೆಲಸ ಕೊಟ್ಟಿದ್ದಾರೆ?

ಬೇಕಾದ ಸಾಮಾನು ಕಡಿಮೆ. ಸ್ಪೇನಿನ ಒಂದು ನಕ್ಷೆ, ಒಂದು ನೋಟ್‌ಬುಕ್, ಪದ್ಯದ ಮೂಲ ಪಾಠ, ಸಾಧ್ಯವಾದರೆ ಎರಡು ಅನುವಾದ. ಸ್ಪ್ಯಾನಿಷ್ ಬರಲ್ಲ ಅಂತ ಹಿಂಜರಿಯಬೇಡಿ. ಅದರ ಅ, ಎ, ಇ, ಒ, ಉ ನಮ್ಮ ಸ್ವರಗಳ ಹಾಗೇ ಇವೆ. ಗಟ್ಟಿಯಾಗಿ ಓದೋದು ಕನ್ನಡದವರಿಗೆ ಇಂಗ್ಲಿಷಿಗಿಂತ ಸುಲಭ.

ಹೆಜ್ಜೆ 1: ಮೂರು ದಿನಾಂಕ ಬರೆದುಕೊಳ್ಳಿ

ಘಟನೆ ನಡೆದ ದಿನ, ಪದ್ಯ ಅಚ್ಚಾದ ದಿನ, ನಿಮ್ಮ ಕೈಯಲ್ಲಿರುವ ಪಾಠದ ವರ್ಷ. ಮೂರೂ ಬೇರೆ ಬೇರೆ ಇರುತ್ತವೆ. ಒಂದು ದಿನಾಂಕಕ್ಕೂ ಇನ್ನೊಂದಕ್ಕೂ ನಡುವೆ ಏನಾಯಿತು ಅನ್ನೋದರಲ್ಲೇ ಅರ್ಧ ಕಥೆ ಇರುತ್ತದೆ.

ಉದಾಹರಣೆಗೆ ಲೋರ್ಕಾ. ಯುದ್ಧ ಶುರುವಾದದ್ದು 1936ರ ಜುಲೈ 17ರಂದು. ಚುನಾಯಿತ ರಿಪಬ್ಲಿಕ್ ಸರ್ಕಾರದ ವಿರುದ್ಧ ಸೇನಾಧಿಕಾರಿಗಳು ದಂಗೆ ಎದ್ದರು. ಮುಗಿದದ್ದು 1939ರ ಏಪ್ರಿಲ್ 1ಕ್ಕೆ, ದಂಗೆಕೋರರ ನಾಯಕ ಫ್ರಾಂಕೋನ ಗೆಲುವಿನೊಂದಿಗೆ. ದಂಗೆಯ ಹೊತ್ತಿಗೆ ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾ ತನ್ನ ಊರು ಗ್ರನಾಡಾದಲ್ಲಿದ್ದ. ಆ ಊರು ಬೇಗನೆ ದಂಗೆಕೋರರ ಕೈ ಸೇರಿತು. ಆಗಸ್ಟ್ 16ರಂದು ಅವನನ್ನು ಹಿಡಿದರು. ಕೆಲವೇ ದಿನದಲ್ಲಿ ಊರಾಚೆ ವಿಸ್ನಾರ್ ಮತ್ತು ಅಲ್ಫಕಾರ್ ನಡುವೆ ಎಲ್ಲೋ ಗುಂಡಿಕ್ಕಿದರು. ಅವನ ಬಗ್ಗೆ ಅಂತೋನಿಯೊ ಮಚಾಡೊ ಬರೆದ ಚರಮಗೀತೆ ಅಚ್ಚಾದದ್ದು ಅಕ್ಟೋಬರ್ 17ರಂದು, ಮ್ಯಾಡ್ರಿಡ್‌ನ ಒಂದು ವಾರಪತ್ರಿಕೆಯಲ್ಲಿ. ನಡುವೆ ಎರಡು ತಿಂಗಳು. ಆ ಎರಡು ತಿಂಗಳಲ್ಲಿ ಫ್ರಾಂಕೋನ ಸೇನೆ ಮ್ಯಾಡ್ರಿಡ್ ಕಡೆಗೇ ಬರುತ್ತಿತ್ತು, ನವೆಂಬರ್ ಮೊದಲ ವಾರಕ್ಕೆ ಊರಂಚಿಗೆ ಬಂದು ನಿಂತಿತು. ಅಂದರೆ ಓದುಗರಿಗೆ ಅದು ಸತ್ತ ಕವಿಯ ಸುದ್ದಿಯಷ್ಟೇ ಆಗಿರಲಿಲ್ಲ. 'ಅವರು ಬಂದರೆ ಹೀಗೇ ಮಾಡುತ್ತಾರೆ' ಅನ್ನೋ ಎಚ್ಚರಿಕೆಯೂ ಆಗಿತ್ತು.

ಹೆಜ್ಜೆ 2: ಪದ್ಯ ಯಾವ ದಾರಿಯಲ್ಲಿ ಹೋಯಿತು, ನೋಡಿ

ಇವತ್ತು ನಾವು ಸಂಕಲನದಲ್ಲಿ ಒಂಟಿಯಾಗಿ, ಸುತ್ತ ಬಿಳಿ ಜಾಗ ಬಿಟ್ಟು ಅಚ್ಚಾದ ಪದ್ಯ ಓದುತ್ತೇವೆ. ಆಗ ಅದು ಹಾಗಿರಲಿಲ್ಲ. ರಿಪಬ್ಲಿಕ್ ಕಡೆಯ ಬರಹಗಾರರು 1936ರ ಆಗಸ್ಟ್ 27ಕ್ಕೆ 'ಎಲ್ ಮೋನೊ ಅಸೂಲ್' ಅಂತ ಒಂದು ವಾರಪತ್ರಿಕೆ ಹೊರತಂದರು. ಹೆಸರಿನ ಅರ್ಥ 'ನೀಲಿ ಬಾಯ್ಲರ್ ಸೂಟ್'. ಕಾರ್ಖಾನೆಯ ಆ ಬಟ್ಟೆಯಲ್ಲೇ ಎಷ್ಟೋ ಜನ ಬಂದೂಕು ಹಿಡಿದು ಹೊರಟಿದ್ದರು. ಪತ್ರಿಕೆಯ ಹಿಂದಿನ ಮುಖ್ಯ ಜೋಡಿ ಕವಿ ರಫಾಯೆಲ್ ಆಲ್ಬೆರ್ತಿ ಮತ್ತು ಲೇಖಕಿ ಮರಿಯಾ ತೆರೇಸಾ ಲಿಯೋನ್. ನಡುಪುಟಗಳು ಯುದ್ಧದ ಕಥನಗೀತೆಗಳಿಗೇ ಮೀಸಲು.

ಪದ್ಯಗಳು ಕಾಗದಕ್ಕೇ ನಿಲ್ಲಲಿಲ್ಲ. ಕಂದಕದ ಹತ್ತಿರ ಧ್ವನಿವರ್ಧಕ ಇಟ್ಟು ಓದಿದರು. ಇದಕ್ಕೆಂದೇ 'ರಣರಂಗದ ಧ್ವನಿವರ್ಧಕ' ಅನ್ನೋ ಅರ್ಥದ ಹೆಸರಿನ ಒಂದು ಘಟಕ ಇತ್ತು. ಎರ್ನಾಂಡೆಜ್ 1937ರಲ್ಲಿ ದಕ್ಷಿಣದ ಹಾಯೆನ್ ಊರಲ್ಲಿ ಅದರಲ್ಲೇ ಕೆಲಸ ಮಾಡಿದ. ಸೈನಿಕರಲ್ಲಿ ಓದು ಬರಹ ಬಾರದವರು ಬಹಳ ಜನ ಇದ್ದರು. ಹಾಗಾಗಿ ಪದ್ಯ ಕಿವಿಯಿಂದಲೇ ಒಳಗೆ ಹೋಗಬೇಕಿತ್ತು, ಒಂದು ಸಲ ಕೇಳಿದರೆ ನೆನಪಿರಬೇಕಿತ್ತು.

ಹಾಗಾಗಿ ನೋಟ್‌ಬುಕ್‌ನಲ್ಲಿ ಬರೆಯಿರಿ: ಇದನ್ನು ಓದಿದವರು ಯಾರು, ಕೇಳಿದವರು ಯಾರು? ಎರಡಕ್ಕೂ ಉತ್ತರ ಸಿಗದಿದ್ದರೂ ಪರವಾಗಿಲ್ಲ. ಪ್ರಶ್ನೆ ತಲೆಯಲ್ಲಿದ್ದರೆ 'ಈ ಸಾಲು ಯಾಕೆ ಇಷ್ಟು ಸರಳ' ಅಂತ ಮೂಗು ಮುರಿಯೋದು ತಪ್ಪುತ್ತದೆ.

ಹೆಜ್ಜೆ 3: ಬೆರಳಲ್ಲಿ ಎಣಿಸಿ

ಸ್ಪೇನಿನ ಹಳೆಯ ಕಥನಗೀತೆಗೆ 'ರೊಮಾನ್ಸೆ' ಅಂತ ಹೆಸರು. ನಮ್ಮ ಲಾವಣಿ ಹೇಗೋ ಅವರಿಗೆ ಅದು ಹಾಗೆ: ಸಂತೆಯಲ್ಲಿ ಹಾಡಿದ್ದು, ಅಜ್ಜಿ ಹೇಳಿದ್ದು. ಪ್ರತಿ ಸಾಲಿಗೆ ಎಂಟು ಉಚ್ಚಾರ. ಎರಡನೇ, ನಾಲ್ಕನೇ, ಆರನೇ ಸಾಲಿನ ಕೊನೆಯ ಸ್ವರಗಳು ಹೊಂದಬೇಕು, ವ್ಯಂಜನ ಏನಿದ್ದರೂ ನಡೆಯುತ್ತದೆ. ಯುದ್ಧ ಶುರುವಾದ ಕೂಡಲೇ ದೊಡ್ಡ ಕವಿಗಳು, ಹೆಸರೇ ಇಲ್ಲದ ಸೈನಿಕರು ಎಲ್ಲರೂ ಇದಕ್ಕೇ ಕೈ ಹಾಕಿದರು. 1937ರಲ್ಲಿ ಬಂದ ಒಂದು ದೊಡ್ಡ ಸಂಕಲನದಲ್ಲೇ ಇಂಥವು ಸುಮಾರು 300 ಇವೆ.

ಈಗ ಮಚಾಡೊನ ಚರಮಗೀತೆ ತೆಗೆಯಿರಿ. ಶುರುವಿನ ಸಾಲುಗಳು ಹನ್ನೊಂದು, ಏಳು ಉಚ್ಚಾರಗಳ ಮಿಶ್ರಣ. ನಿಧಾನ, ಗಂಭೀರ. ಬಂದೂಕುಗಳ ನಡುವೆ, ಉದ್ದನೆಯ ಬೀದಿಯಲ್ಲಿ, ಚುಕ್ಕಿ ಇನ್ನೂ ಆರದ ನಸುಕಿನಲ್ಲಿ, ತಣ್ಣನೆಯ ಹೊಲದ ಕಡೆಗೆ ಅವನು ನಡೆದುಹೋಗುವುದನ್ನು ಕಂಡರು ಅಂತ ಹೇಳುತ್ತವೆ. ಆಮೇಲೆ ಕೊಲೆ ಬರುತ್ತದೆ. ಬೆರಳು ಮಡಿಸುತ್ತಾ ಗಟ್ಟಿಯಾಗಿ ಓದಿ:

ಮಾ-ತಾ-ರೊನ್-ಆ-ಫೆ-ದೆ-ರೀ-ಕೊ
ಕ್ವಾನ್-ದೊ-ಲಾ-ಲೂಸ್-ಆ-ಸೊ-ಮಾ-ಬಾ

ಎಂಟು, ಎಂಟು. 'ಫೆದೆರಿಕೊನನ್ನು ಕೊಂದರು, ಬೆಳಕು ಇಣುಕುವ ಹೊತ್ತಿಗೆ.' ಮುಂದಿನ ಐದು ಸಾಲೂ ಎಂಟೇ. ಗುಂಡು ಹಾರಿಸುವವರು ಅವನ ಮುಖ ನೋಡಲು ಅಂಜಿ ಕಣ್ಣು ಮುಚ್ಚಿಕೊಂಡರು, ಅವನು ಸತ್ತು ಬಿದ್ದ ಅನ್ನೋ ಸಾಲುಗಳು. ಆಮೇಲೆ ಮತ್ತೆ ಉದ್ದ ಸಾಲು ಶುರು. ಅಂದರೆ ಕೊಲೆಯ ಕ್ಷಣಕ್ಕೆ ಮಾತ್ರ ಕವಿ ಜನಪದರ ಲಯಕ್ಕೆ ಇಳಿಯುತ್ತಾನೆ. ಆ ಏಳು ಸಾಲು ಯಾರ ಬಾಯಲ್ಲಾದರೂ ನಿಲ್ಲುತ್ತವೆ. ಪ್ರಾಸದ ಕಡೆಯೂ ಕಿವಿ ಕೊಡಿ: ಗ್ರನಾಡಾ, ಮದ್ರುಗಾಡಾ, ಅಸೊಮಾಬಾ, ಕಾರಾ. ಎಲ್ಲ 'ಆ-ಆ'. ಊರಿನ ಹೆಸರು ಹೇಳುವ ಮೊದಲೇ ಅದರ ಸದ್ದು ಪದ್ಯದ ತುಂಬಾ ಓಡಾಡುತ್ತಿರುತ್ತದೆ. ಅನುವಾದ ಎಷ್ಟೇ ಚೆನ್ನಾಗಿರಲಿ, ಇದನ್ನು ಕೊಡಲಾರದು. ಅದಕ್ಕೇ ಮೂಲವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ ಅಂದದ್ದು.

ಇನ್ನೊಂದು ವಿಷಯ. ಮುಖ ನೋಡಲು ಅಂಜಿದರು ಅಂತ ಮಚಾಡೊಗೆ ಹೇಗೆ ಗೊತ್ತು? ಗೊತ್ತಿಲ್ಲ. ಅವನು ಅಲ್ಲಿರಲಿಲ್ಲ. ಪದ್ಯದಲ್ಲಿ ಕಣ್ಣಾರೆ ಕಂಡಂತೆ ಇರುವ ಪ್ರತಿ ವಿವರದ ಪಕ್ಕದಲ್ಲೂ ಪೆನ್ಸಿಲಿನಿಂದ ಒಂದು ಗುರುತು ಹಾಕಿ.

ಹೆಜ್ಜೆ 4: ಆಜ್ಞೆಗಳ ಕೆಳಗೆ ಗೆರೆ ಎಳೆಯಿರಿ

'ನೋಡಿ', 'ಬನ್ನಿ', 'ಎದ್ದೇಳಿ', 'ಎಸೆಯಿರಿ'. ಇಂಥ ಕ್ರಿಯಾಪದ ಎಲ್ಲಿದೆ, ಯಾರಿಗೆ ಹೇಳಿದ್ದು? ಪ್ರಚಾರದ ಬೇರು ಜಾಸ್ತಿ ಸಲ ಇಲ್ಲೇ ಸಿಗುತ್ತದೆ.

ಮಚಾಡೊನ ಚರಮಗೀತೆಯ ಕೊನೆಯಲ್ಲೂ ಒಂದು ಆಜ್ಞೆ ಇದೆ. ಗೆಳೆಯರೇ, ಗ್ರನಾಡಾದ ಅಲ್‌ಹಂಬ್ರಾ ಅರಮನೆಯಲ್ಲಿ ಕಲ್ಲು ಮತ್ತು ಕನಸಿನಿಂದ ಕವಿಗೊಂದು ಗೋರಿ ಕಟ್ಟಿ, ನೀರು ಅಳುವ ಚಿಲುಮೆಯೊಂದರ ಮೇಲೆ. ಆ ನೀರು ಎಂದೆಂದೂ ಹೇಳುತ್ತಿರಲಿ: ಕೊಲೆ ನಡೆದದ್ದು ಗ್ರನಾಡಾದಲ್ಲಿ, ಅವನದೇ ಗ್ರನಾಡಾದಲ್ಲಿ. ಸೇಡು ತೀರಿಸಿ ಅನ್ನೋದಿಲ್ಲ, ಬಂದೂಕು ಹಿಡಿಯಿರಿ ಅನ್ನೋದಿಲ್ಲ. ಕಟ್ಟಿ ಅನ್ನುತ್ತದೆ. ಹಾಗಂತ ಇದು ಬರೀ ದುಃಖ ಅಂದುಕೊಳ್ಳಬೇಡಿ. 'ಅವನದೇ' ಅನ್ನೋ ಒಂದು ಪುಟ್ಟ ಮಾತು ಇಡೀ ಊರನ್ನು ಕಟಕಟೆಗೆ ಎಳೆದು ನಿಲ್ಲಿಸುತ್ತದೆ. ಇಲ್ಲಿ ಸತ್ತವನ ಕೆಲಸ ಸಾಕ್ಷಿ ಹೇಳುವುದು.

ಇದೇ ಮಚಾಡೊ, ಎರಡು ವರ್ಷದ ನಂತರ, ರಿಪಬ್ಲಿಕ್ ಸೇನೆಯ ದಂಡನಾಯಕ ಎನ್ರಿಕೆ ಲಿಸ್ಟರ್ ಮೇಲೆ ಒಂದು ಸಾನೆಟ್ ಬರೆದ. ನನ್ನ ಲೇಖನಿಗೆ ನಿನ್ನ ಪಿಸ್ತೂಲಿನ ಬೆಲೆ ಬಂದರೆ ನೆಮ್ಮದಿಯಾಗಿ ಸಾಯುವೆ ಅನ್ನುತ್ತಾನೆ ಅದರಲ್ಲಿ. ಅಷ್ಟು ಮೆತ್ತಗಿನ ಕವಿ! ಎರಡನ್ನೂ ಒಂದೇ ದಿನ ಓದಿ. ಮೊದಲಿನದು ನನಗೆ ಬಾಯಿಪಾಠ ಇದೆ. ಎರಡನೆಯದನ್ನು ಪ್ರತಿ ಸಲ ಹುಡುಕಿ ತೆಗೆಯಬೇಕು.

ಹೆಜ್ಜೆ 5: ಘಟನೆ ಒಂದು ಕಾಲಂ, ಪದ್ಯ ಇನ್ನೊಂದು ಕಾಲಂ

ಇದು ನನ್ನ ಎಡವಟ್ಟಿನಿಂದ ಕಲಿತದ್ದು. ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆ ನಡೆದದ್ದು, ಬಲಗಡೆ ಪದ್ಯ ಹೇಳುವುದು.

ಎಡಗಡೆ: ರೊಸಾರಿಯೊ ಸಾಂಚೆಜ್ ಮೋರಾ, ಹುಟ್ಟಿದ್ದು 1919. ಯುದ್ಧ ಶುರುವಾದಾಗ 17 ವರ್ಷ. ಸ್ವಯಂಸೇವಕಿಯಾಗಿ ಮ್ಯಾಡ್ರಿಡ್‌ನ ಉತ್ತರಕ್ಕೆ, ಬ್ವಿತ್ರಾಗೊ ಕಡೆಯ ಬೆಟ್ಟಸಾಲಿಗೆ ಹೋದಳು. ಅಲ್ಲಿ ಡೈನಮೈಟ್ ತುಂಬಿದ ಕೈಬಾಂಬ್ ಎಸೆಯುವ ಗುಂಪು ಸೇರಿದಳು. 1936ರ ಸೆಪ್ಟೆಂಬರ್‌ನಲ್ಲಿ, ಅಭ್ಯಾಸ ಮಾಡುತ್ತಿದ್ದಾಗ, ಬಾಂಬ್ ಕೈಯಲ್ಲೇ ಸಿಡಿಯಿತು. ಬಲಗೈ ಹೋಯಿತು. ಚೇತರಿಸಿಕೊಂಡ ಮೇಲೆ ಮನೆಗೆ ಹೋಗಲಿಲ್ಲ, ರಣರಂಗಕ್ಕೆ ಟಪಾಲು ಸಾಗಿಸುವ ಕೆಲಸ ಹಿಡಿದಳು.

ಬಲಗಡೆ: ನಿನ್ನ ಚೆಂದದ ಕೈಯ ಮೇಲೆ ಡೈನಮೈಟ್ ತನ್ನ ಮೃಗದ ಗುಣಗಳನ್ನು ಕಾಯುತ್ತಿತ್ತು. ಕೈ ರೊಚ್ಚಿಗೆದ್ದ ಗುಲಾಬಿಯಾಗಿತ್ತು. ಅವಳು ಗಂಟೆ ಗೋಪುರದಷ್ಟು ಎತ್ತರ ನಿಂತು ಶತ್ರುವಿನ ನಡುವೆ ಡೈನಮೈಟ್ ಬಿತ್ತುತ್ತಿದ್ದಳು. ಈ ಹುಡುಗಿಯ ಕೈಯನ್ನು ವೈರಿ ಚೆನ್ನಾಗಿ ಬಲ್ಲ. ಇವತ್ತು ಅದು ಕೈಯಾಗಿ ಉಳಿದಿಲ್ಲ, ಒಂದು ಬೆರಳೂ ಅಲ್ಲಾಡದು. ಡೈನಮೈಟ್ ಅದಕ್ಕೆ ಮನಸೋತು ಅದನ್ನು ನಕ್ಷತ್ರ ಮಾಡಿಬಿಟ್ಟಿತು.

ಎರಡು ಕಾಲಂ ಪಕ್ಕಪಕ್ಕ ಇಟ್ಟಾಗ ಏನು ಕಾಣುತ್ತದೆ? 'ವೈರಿ ಬಲ್ಲ' ಅನ್ನೋ ಮಾತಿನ ಬೆನ್ನಿಗೇ 'ಇವತ್ತು ಅದು ಕೈಯಲ್ಲ' ಅಂತ ಬರುತ್ತದೆ. ನಡುವಿನ ಖಾಲಿಯನ್ನು ಓದುಗ ತಾನೇ ಕಾಳಗದಿಂದ ತುಂಬಿಕೊಳ್ಳುತ್ತಾನೆ. ಇನ್ನೂ ಜಾಣತನದ್ದು ಒಂದಿದೆ. ಬ್ವಿತ್ರಾಗೊ ಸಾಕ್ಷಿ, ನಾನು ಹೇಳದೆ ಬಿಡುವ ಸಾಹಸಗಳಿಗೆ, ನಾನು ಹೇಳುತ್ತಿರುವ ಕೈಗೆ ಅನ್ನುತ್ತಾನೆ ಕವಿ. ಹೇಳದೆ ಬಿಡುತ್ತಿದ್ದೇನೆ ಅಂತ ಹೇಳಿಯೇ ಬಿಡುತ್ತಾನೆ! ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ಆಜ್ಞೆ: ಬಾಂಬ್ ಎಸೆಯುವ ಗೆಳೆಯರೇ, ಇವಳನ್ನು ನೋಡಿ, ದ್ರೋಹಿಗಳ ಮೇಲೆ ಎಸೆಯಿರಿ. ಹೋದ ಕೈಗೂ ಕೆಲಸ ಸಿಕ್ಕಿತು ಅಲ್ವಾ. ಬೇರೆಯವರ ಕೈ ಎತ್ತಿಸುವ ಕೆಲಸ.

ಇದನ್ನು ಮೋಸ ಅನ್ನಬೇಕಾ? ನಾನು ಅನ್ನಲ್ಲ. ಹದಿನೇಳು ವರ್ಷದ ಹುಡುಗಿಗೆ, ಅಪಘಾತದಲ್ಲಿ ಹೋದ ಕೈಗೂ ಒಂದು ಅರ್ಥ ಇದೆ ಅಂತ ಹೇಳಿದ್ದು ಸಣ್ಣ ಮಾತಲ್ಲ. ಆದರೆ ಈ ಪದ್ಯ ನಂಬಿ ಇತಿಹಾಸ ಬರೆಯಲೂ ಹೋಗಬಾರದು.

ಹೆಜ್ಜೆ 6: ಪಕ್ಕದ ಅಂಕಣ ಓದಿ

ಪದ್ಯದಲ್ಲಿ ಇಲ್ಲದ ಸತ್ತವರು ಯಾರು? ಇದಕ್ಕೆ ಪದ್ಯವನ್ನೇ ದಿಟ್ಟಿಸಿದರೆ ಸಾಲದು. ಅದೇ ಪತ್ರಿಕೆಯ ಬೇರೆ ಪುಟಕ್ಕೆ ಹೋಗಬೇಕು.

'ಎಲ್ ಮೋನೊ ಅಸೂಲ್' ಪತ್ರಿಕೆಯ ಆರಂಭದ ಸಂಚಿಕೆಗಳಲ್ಲಿ ಒಂದು ಅಂಕಣ ಇತ್ತು. ಹೆಸರು 'ಆ ಪಸೇಯೊ'. ಪಸೇಯೊ ಅಂದರೆ ಸಂಜೆ ವಾಕಿಂಗ್. ಆದರೆ ಆ ಬೇಸಿಗೆಯಲ್ಲಿ ಅದಕ್ಕೆ ಇನ್ನೊಂದು ಅರ್ಥ ಬಂದಿತ್ತು: ಮನೆಯಿಂದ ಎಬ್ಬಿಸಿ ಊರಾಚೆ ಕರೆದುಕೊಂಡು ಹೋಗಿ ಕೊಲ್ಲುವುದು. ಎರಡೂ ಕಡೆಯವರು ಮಾಡಿದ್ದು ಅದನ್ನೇ. ಆ ಅಂಕಣದಲ್ಲಿ ಎದುರು ಪಕ್ಷದ ಬರಹಗಾರರ ಹೆಸರು ಎತ್ತಿ ಜರೆಯುತ್ತಿದ್ದರು. ಉನಾಮುನೊ ಅಂಥ ಹಿರಿಯ ಬರಹಗಾರನನ್ನೂ ಬಿಡಲಿಲ್ಲ. ಈಗ ಮತ್ತೆ ಮಚಾಡೊನ ಮೊದಲ ಸಾಲು ನೆನಪು ಮಾಡಿಕೊಳ್ಳಿ. ಬಂದೂಕುಗಳ ನಡುವೆ 'ನಡೆಯುತ್ತಾ' ಹೋದ ಲೋರ್ಕಾ. ಆ ನಡಿಗೆ ಮೂರು ಭಾಗದಲ್ಲೂ ಮರಳಿ ಬರುತ್ತದೆ. ಒಂದು ಕಡೆ ಹೃದಯ ಹಿಂಡುವ ಪದ, ಇನ್ನೊಂದು ಕಡೆ ಅಂಕಣದ ಚಾಟಿ.

1936ರ ನವೆಂಬರ್‌ನಲ್ಲಿ ಮ್ಯಾಡ್ರಿಡ್ ಉಳಿಸಿಕೊಳ್ಳಲು ಕರೆ ಕೊಡುವ ಪದ್ಯಗಳು ಹೊರಬರುತ್ತಿದ್ದ ದಿನಗಳಲ್ಲೇ, ಅದೇ ಊರಿನ ಜೈಲುಗಳಿಂದ ಕೈದಿಗಳನ್ನು ಪರಾಕುಯೆಲ್ಯೊಸ್ ಎಂಬಲ್ಲಿಗೆ ಒಯ್ದು ಸಾಮೂಹಿಕವಾಗಿ ಕೊಂದರು. ಅಲ್ಲಿ ಸತ್ತವರಲ್ಲಿ ನಾಟಕಕಾರ ಪೆದ್ರೊ ಮುನ್ಯೋಸ್ ಸೇಕಾ ಒಬ್ಬ. ಲೋರ್ಕಾನ ಹೆಸರು ಕೇಳಿರುವವರಲ್ಲಿ ಎಷ್ಟು ಜನಕ್ಕೆ ಇವನ ಹೆಸರು ಗೊತ್ತು? ಹಾಗಂತ ತಕ್ಕಡಿ ಹಿಡಿದು ಎರಡೂ ಪಕ್ಷ ಸಮ ಅಂತ ಹೇಳಬೇಕಿಲ್ಲ. ಸುಮ್ನೆ ಈ ಹೆಸರನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ.

ಹೆಜ್ಜೆ 7: ಅಣ್ಣನನ್ನೂ ಓದಿ

ಗೆದ್ದ ಪಕ್ಷದ ಪದ್ಯ ಓದಲು ಬೇಜಾರು ಅನ್ನುವವರಿಗೆ ಒಂದು ಸುಲಭ ದಾರಿ: ಮಚಾಡೊ ಮನೆಯಿಂದಲೇ ಶುರು ಮಾಡಿ. ಅಂತೋನಿಯೊನ ಅಣ್ಣ ಮಾನುಯೆಲ್ ಮಚಾಡೊ ಕೂಡ ಹೆಸರಾಂತ ಕವಿ. ಇಬ್ಬರೂ ಸೇರಿ ನಾಟಕ ಬರೆದಿದ್ದವರು. 1936ರ ಜುಲೈನಲ್ಲಿ ಮಾನುಯೆಲ್ ಹೆಂಡತಿಯ ಜೊತೆ ಬುರ್ಗೋಸ್ ಊರಿಗೆ ಹೋಗಿದ್ದ. ಸನ್ಯಾಸಿನಿಯಾಗಿದ್ದ ನಾದಿನಿಯನ್ನು ನೋಡಲು. ಅಷ್ಟರಲ್ಲಿ ದಂಗೆ. ಬುರ್ಗೋಸ್ ಫ್ರಾಂಕೋ ಪಕ್ಷದ ರಾಜಧಾನಿಯಾಯಿತು, ಮಾನುಯೆಲ್ ಅಲ್ಲೇ ಉಳಿದ. ಫ್ರಾಂಕೋನನ್ನು ಹೊಗಳಿ ಸಾನೆಟ್ ಬರೆದ. ಅದರಲ್ಲೊಂದು ಫ್ರಾಂಕೋನ ನಗು ಫಳಫಳ ಹೊಳೆಯುವಲ್ಲಿಗೆ ಮುಗಿಯುತ್ತದೆ. ನಂಬಿಕೆಯಿಂದ ಬರೆದನಾ, ಹೆದರಿಕೆಯಿಂದ ಬರೆದನಾ? ವಿದ್ವಾಂಸರು ಇವತ್ತಿಗೂ ಜಗಳ ಆಡುತ್ತಾರೆ. ಒಂದು ರೈಲು ಮುಂಚೆ ಸಿಕ್ಕಿದ್ದರೆ ಏನು ಬರೆಯುತ್ತಿದ್ದನೋ ಅಂತ ನನಗೆ ಆಗಾಗ ಅನಿಸುತ್ತದೆ.

ಈ ಕಡೆಯ ದೊಡ್ಡ ಸತ್ತವನು ಹೊಸೆ ಅಂತೋನಿಯೊ ಪ್ರಿಮೊ ದೆ ರಿವೆರಾ, ಫಲಾಂಜ್ ಎಂಬ ಫ್ಯಾಸಿಸ್ಟ್ ಪಕ್ಷ ಕಟ್ಟಿದವನು. ರಿಪಬ್ಲಿಕ್ ಅವನನ್ನು 1936ರ ನವೆಂಬರ್ 20ಕ್ಕೆ ಅಲಿಕಾಂತೆಯಲ್ಲಿ ಗುಂಡಿಕ್ಕಿ ಕೊಂದಿತು. ಯುದ್ಧ ಮುಗಿದ ಮೇಲೆ, 1939ರ ನವೆಂಬರ್‌ನಲ್ಲಿ, ಅವನ ಶವಪೆಟ್ಟಿಗೆಯನ್ನು ಅಲಿಕಾಂತೆಯಿಂದ ಮ್ಯಾಡ್ರಿಡ್ ಹತ್ತಿರದ ಎಸ್ಕೊರಿಯಾಲ್ ಮಠದ ತನಕ ಹೆಗಲ ಮೇಲೆ, ಕಾಲ್ನಡಿಗೆಯಲ್ಲಿ, ಹತ್ತು ದಿನ ಹೊತ್ತರು. ಅದೇ ವರ್ಷ ಹಲವು ಕವಿಗಳು ಸೇರಿ ಅವನಿಗೊಂದು ಸಾನೆಟ್ ಹಾರ ಕಟ್ಟಿದರು. ಬರೆದವರಲ್ಲಿ ಲೂಯಿಸ್ ರೊಸಾಲೆಸ್ ಕೂಡ ಇದ್ದ. ಲೋರ್ಕಾನನ್ನು ಬಚ್ಚಿಟ್ಟು ಕಾಪಾಡಲು ನೋಡಿದ್ದು ಇದೇ ರೊಸಾಲೆಸ್ ಮನೆಯವರು. ಸತ್ತವರ ಹೆಸರು ಕೂಗಿದರೆ ಎಲ್ಲರೂ 'ಹಾಜರ್!' ಅನ್ನಬೇಕು, ಇದು ಆ ಪಕ್ಷದ ಆಚರಣೆ. ಚರ್ಚ್ ಗೋಡೆಗಳ ಮೇಲೆ ಹುತಾತ್ಮರ ಪಟ್ಟಿ ಕೆತ್ತಿಸಿದರು. ಸೋತವರ ಸತ್ತವರಿಗೆ ಗೋಡೆ ಇರಲಿಲ್ಲ, ಎಷ್ಟೋ ಜನರಿಗೆ ಗೋರಿಯೂ ಇರಲಿಲ್ಲ. ಲೋರ್ಕಾನ ದೇಹ ಇವತ್ತಿಗೂ ಸಿಕ್ಕಿಲ್ಲ. 2009ರಲ್ಲಿ ಅಲ್ಫಕಾರ್ ಬಳಿ ಅಗೆದು ನೋಡಿದರು, ಏನೂ ಸಿಗಲಿಲ್ಲ. ಕಲ್ಲು ಮತ್ತು ಕನಸಿನ ಆ ಗೋರಿಯಲ್ಲಿ ಕನಸಿನ ಭಾಗ ಮಾತ್ರ ಕಟ್ಟಿದಂತಾಯಿತು.

ಹೆಜ್ಜೆ 8: ಪಾಠಾಂತರ ಹುಡುಕಿ

ಯುದ್ಧದ ಪದ್ಯ ಯುದ್ಧ ಮುಗಿದ ಮೇಲೆ ಬದಲಾಗುತ್ತದೆ. ಎರಡು ಉದಾಹರಣೆ ಸಾಕು.

ಇಂಗ್ಲಿಷ್ ಕವಿ ಆಡೆನ್ 1937ರಲ್ಲಿ ಸ್ಪೇನ್ ಮೇಲೆ ಬರೆದ ಪದ್ಯ ಸಣ್ಣ ಪುಸ್ತಿಕೆಯಾಗಿ ಬಂತು, ಗೌರವಧನ ರಿಪಬ್ಲಿಕ್ ಕಡೆಯ ವೈದ್ಯಕೀಯ ನೆರವಿಗೆ ಹೋಯಿತು. ಅದರಲ್ಲಿ 'ಅನಿವಾರ್ಯ ಕೊಲೆ' ಅನ್ನೋ ಅರ್ಥದ ಮಾತಿತ್ತು. ಅಲ್ಲೇ ಕಾದಾಡಿ ಕುತ್ತಿಗೆಗೆ ಗುಂಡು ತಿಂದಿದ್ದ ಇಂಗ್ಲಿಷ್ ಲೇಖಕ ಆರ್ವೆಲ್ ಇದನ್ನು ತರಾಟೆಗೆ ತೆಗೆದುಕೊಂಡ. ಕೊಲೆ ಕಣ್ಣಾರೆ ಕಂಡವನು ಹಾಗೆ ಬರೆಯಲಾರ ಅನ್ನೋದು ಅವನ ವಾದ. ಆಡೆನ್ ಆ ಮಾತು ಬದಲಿಸಿದ, ಕೊನೆಗೆ ಇಡೀ ಪದ್ಯವನ್ನೇ ತನ್ನ ಸಂಗ್ರಹದಿಂದ ತೆಗೆದುಹಾಕಿದ.

ಎರಡನೆಯದು ನನಗೆ ಹೆಚ್ಚು ಇಷ್ಟ. 1937ರ ಫೆಬ್ರವರಿಯಲ್ಲಿ ಹರಾಮಾ ಕಣಿವೆಯಲ್ಲಿ ಭೀಕರ ಕಾಳಗ ನಡೆಯಿತು. ರಿಪಬ್ಲಿಕ್ ಕಡೆಯ ಬ್ರಿಟಿಷ್ ಸ್ವಯಂಸೇವಕರು ಆಮೇಲೂ ತಿಂಗಳುಗಟ್ಟಲೆ ಅದೇ ಕಂದಕದಲ್ಲಿ ಕೊಳೆತರು. ಗ್ಲಾಸ್ಗೋದ ಅಲೆಕ್ಸ್ ಮೆಕ್‌ಡೇಡ್ ಎಂಬ ಸೈನಿಕ ಹಳೆಯ ಧಾಟಿಗೆ ಒಂದು ಹಾಡು ಕಟ್ಟಿದ. ಹರಾಮಾ ಅಂತ ಒಂದು ಕಣಿವೆ, ನಮಗೆಲ್ಲ ಚೆನ್ನಾಗಿ ಗೊತ್ತು, ನಮ್ಮ ಪ್ರಾಯ ವ್ಯರ್ಥವಾದದ್ದು ಅಲ್ಲೇ, ಮುಪ್ಪಿನ ಬಹುಪಾಲೂ ಅಲ್ಲೇ! ಪಕ್ಕಾ ಸೈನಿಕರ ಗೊಣಗಾಟ. ಮೆಕ್‌ಡೇಡ್ ಅದೇ ಜುಲೈನಲ್ಲಿ ಬ್ರುನೆತೆ ಕಾಳಗದಲ್ಲಿ ಸತ್ತ. ಆಮೇಲೆ ಹಾಡು ಬದಲಾಯಿತು. 'ವ್ಯರ್ಥ ಮಾಡಿದೆವು' ಹೋಗಿ 'ಅರ್ಪಿಸಿದೆವು' ಬಂತು, ಮುಪ್ಪಿನ ತಮಾಷೆ ಹೋಗಿ ಮಡಿದ ವೀರ ಸಂಗಾತಿಗಳು ಬಂದರು. ಹಳೆಯ ಸೈನಿಕರು ಸೇರಿದಾಗ ಎದ್ದು ನಿಂತು ಹಾಡುವ ಗೀತೆಯಾಯಿತು. ಕಂದಕದಲ್ಲಿ ಕೂತವನ ನಗು ಮಾತ್ರ ಬಿಟ್ಟುಹೋಯಿತು.

ಹೆಜ್ಜೆ 9: ಯುದ್ಧ ಮುಗಿದ ಮೇಲೆ ಏನಾಯಿತು, ಕೇಳಿ

ಅಂತೋನಿಯೊ ಮಚಾಡೊ 1939ರ ಜನವರಿ ಕೊನೆಯಲ್ಲಿ ವಯಸ್ಸಾದ ತಾಯಿಯ ಜೊತೆ ಗಡಿ ದಾಟಿದ. ಫೆಬ್ರವರಿ 22ಕ್ಕೆ ಫ್ರಾನ್ಸಿನ ಕೊಲಿಯೂರ್ ಎಂಬ ಕಡಲೂರಲ್ಲಿ ತೀರಿಕೊಂಡ. ಮೂರು ದಿನಕ್ಕೆ ತಾಯಿಯೂ ಹೋದಳು. ಅವನ ಕೋಟಿನ ಜೇಬಲ್ಲಿ ಒಂದು ಚೀಟಿ ಸಿಕ್ಕಿತು. ಅದರಲ್ಲಿ ಒಂದು ಸಾಲು: ಈ ನೀಲಿ ದಿನಗಳು, ಬಾಲ್ಯದ ಈ ಬಿಸಿಲು. ಯುದ್ಧದ ಸುಳಿವೇ ಇಲ್ಲ. ಸುದ್ದಿ ಕೇಳಿ ಬುರ್ಗೋಸ್‌ನಿಂದ ಮಾನುಯೆಲ್ ಕೊಲಿಯೂರ್‌ಗೆ ಹೋದ. ತಾಯಿಯೂ ಇಲ್ಲ ಅಂತ ಗೊತ್ತಾದದ್ದು ಅಲ್ಲಿ.

ಎರ್ನಾಂಡೆಜ್ ಸಿಕ್ಕಿಬಿದ್ದ. ಮರಣದಂಡನೆ ವಿಧಿಸಿದರು, ಆಮೇಲೆ 30 ವರ್ಷದ ಸಜೆಗೆ ಇಳಿಸಿದರು. 1942ರ ಮಾರ್ಚ್ 28ಕ್ಕೆ ಅಲಿಕಾಂತೆಯ ಜೈಲಲ್ಲಿ ಕ್ಷಯದಿಂದ ಸತ್ತ, ವಯಸ್ಸು 31. ಜೈಲಲ್ಲಿದ್ದಾಗ, ತಿನ್ನಲು ಬ್ರೆಡ್ಡು ಈರುಳ್ಳಿ ಬಿಟ್ಟು ಏನೂ ಇಲ್ಲ ಅಂತ ಹೆಂಡತಿ ಬರೆದಳು. ಅವನು ಹಾಲುಗೂಸಾಗಿದ್ದ ಮಗನಿಗೆ ಒಂದು ಜೋಗುಳ ಬರೆದು ಕಳಿಸಿದ. ಅದರ ಮೇಲೆ ನಾಲ್ಕನೇ ಹೆಜ್ಜೆ ಪ್ರಯೋಗ ಮಾಡಿ ನೋಡಿ. ಆಜ್ಞೆ ಇದೆ, ಆದರೆ ಎಂಥ ಆಜ್ಞೆ? ನಗು ಮಗನೇ, ಏನಾಗುತ್ತಿದೆ ಅಂತ ನಿನಗೆ ತಿಳಿಯುವುದೇ ಬೇಡ.

ರೊಸಾರಿಯೊಗೂ ಮರಣದಂಡನೆ ಆಯಿತು, ಅದೂ ಸಜೆಗೆ ಇಳಿಯಿತು. 1942ರಲ್ಲಿ ಬಿಡುಗಡೆಯಾದಳು. ಕವಿ ಸತ್ತ ವರ್ಷವೇ. ಪದ್ಯವನ್ನು ದಾಟಿ ಆಕೆ ಇನ್ನೂ ಅರವತ್ತಾರು ವರ್ಷ ಬದುಕಿದಳು, 2008ರ ತನಕ. ಮ್ಯಾಡ್ರಿಡ್‌ನ ವಯೆಕಾಸ್ ಬಡಾವಣೆಯಲ್ಲಿ ಒಂದು ಬೀಡಿ ಸಿಗರೇಟಿನ ಅಂಗಡಿ ಇಟ್ಟಿದ್ದಳು. ಗಿರಾಕಿಗಳಿಗೆ ಚಿಲ್ಲರೆ ಎಣಿಸಿ ಕೊಟ್ಟದ್ದು ಎಡಗೈಯಲ್ಲಿ.